ವೆಂಕಣ್ಣನ ಗುಣ ಕೇಳಲು ಬಂದವನು

ಗಬ್ಬೂರಿಗೆ ಹೊಸ ಮುಖವೊಂದು ಬಂದು, ಊರಿನ ಗಂಡಸೊಬ್ಬನ ಹೆಸರು ಹೇಳಿ ಅವನ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅವನ ಹೊಲ ಎಲ್ಲಿ ಎಂದು ಕೇಳಿದರೆ ತುಸು ಕಿವಿ ನಿಮಿರುತ್ತದೆ. ಆದರೆ ಮನೆ ಹೊಲ ಎರಡನ್ನೂ ಬಿಟ್ಟು, ಅವನ ಗುಣ ಹೇಗೆ, ಸಿಟ್ಟು ಎಷ್ಟು, ಕುಡಿಯುತ್ತಾನೋ ಇಲ್ಲವೋ ಎಂದು ಅಕ್ಕಪಕ್ಕದಲ್ಲಿ ಮೆತ್ತಗೆ ಕೇಳತೊಡಗಿದರೆ ಅದಕ್ಕಿರುವುದು ಒಂದೇ ಅರ್ಥ. ಕೇಳುತ್ತಿರುವವರು ಹೆಣ್ಣಿನ ಕಡೆಯವರು. ಹಾಗೆ ಬಂದವರನ್ನು ಯಾಕೆ ಎಂದು ತಿರುಗಿ ಕೇಳಬಾರದು, ಯಾರ ಬಗ್ಗೆ ಕೇಳಿದರೋ ಅವನ ಕಿವಿಗೂ ಹಾಕಬಾರದು. ಹಾಕಿದರೆ ಕೂಡಿಬರುವ ಸಂಬಂಧ ಕೆಡುತ್ತದೆ. ಈ ಕಾಯ್ದೆ ಊರಿನಲ್ಲಿ ಎಲ್ಲರಿಗೂ ಗೊತ್ತು, ಮಾನ್ವಿಯ ಸಂಜೀವನಿಗೂ ಗೊತ್ತಿರಬೇಕಿತ್ತು. ಪ್ರಾಕ್ಟಿಕಲ್ ಅಂಕಗಳ ಚಿಂತೆಯಲ್ಲಿ ಅವನು ಅದನ್ನು ಪೂರ್ತಿ ಮರೆತಿದ್ದ.

ಸಂಜೀವ ವಿಶ್ವವಿದ್ಯಾಲಯದ ಯರಗೇರಾ ಕ್ಯಾಂಪಸ್ಸಿನಲ್ಲಿ ಎಂ.ಎ. ಮನಶ್ಶಾಸ್ತ್ರ ಓದುತ್ತಿದ್ದ. ಆ ಸೆಮಿಸ್ಟರಿನಲ್ಲಿ ವ್ಯಕ್ತಿತ್ವ ಮನಶ್ಶಾಸ್ತ್ರ ಎಂಬ ವಿಷಯ, ಅದಕ್ಕೊಂದು ಪ್ರಾಕ್ಟಿಕಲ್. ಒಬ್ಬ ಮನುಷ್ಯನನ್ನು ಬಲ್ಲ ಮೂವರನ್ನು ಬೇರೆ ಬೇರೆಯಾಗಿ ಮಾತಾಡಿಸಿ, ಅವನ ಒಂದೊಂದು ಗುಣಕ್ಕೂ ಒಂದರಿಂದ ಐದರವರೆಗೆ ಅಂಕ ಕೊಡಿಸಿ, ಮೂವರ ಮಾತು ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂದು ನೋಡಬೇಕು. ಸ್ವಂತ ಬಳಗವಾದರೆ ಪಕ್ಷಪಾತ ನುಸುಳುತ್ತದೆಂದು ಮೇಷ್ಟ್ರು ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬರ ಬಳಗದವರನ್ನು ಇನ್ನೊಬ್ಬರ ಪಾಲಿಗೆ ಹಾಕಿದರು. ಸಂಜೀವನ ಜೋಡಿ ಮಾನ್ವಿ ಹತ್ತಿರದ ಹಿರೇಕೊಟ್ನೆಕಲ್‌ನ ಸೌಭಾಗ್ಯ. ಅವಳು ತನ್ನ ಸೋದರತ್ತೆಯ ಗಂಡನ ಹೆಸರು ಕೊಟ್ಟಳು.

"ಗಬ್ಬೂರಾಗ ವೆಂಕಣ್ಣ ಅಂತ, ಮೋಟರ್ ವೈಂಡಿಂಗ್ ಅಂಗಡಿ ಅದ. ಆದ್ರ ನನ್ನ ಹೆಸರು ಎಲ್ಲೂ ಎತ್ತಬ್ಯಾಡಪ್ಪ. ಕ್ಲಾಸಿನ ಹುಡುಗ ನನ್ನ ಹೆಸರು ಹೇಳ್ಕೊಂಡು ಬಂದ ಅಂದ್ರ ಮನ್ಯಾಗ ಬ್ಯಾರೆನ ತಿಳ್ಕೋತಾರ."

ಮೇಷ್ಟ್ರೂ ಒಂದು ಎಚ್ಚರಿಕೆ ಕೊಟ್ಟಿದ್ದರು. "ಯಾರ ಬಗ್ಗೆ ಕೇಳಾಕತ್ತೀರಿ ಅನ್ನೋದು ಆ ಮನುಷ್ಯಾಗ ಗೊತ್ತಾಗಬಾರದು. ತನ್ನನ್ನ ಯಾರೋ ನೋಡಾಕತ್ತಾರ ಅಂತ ತಿಳೀತಂದ್ರ ಅವ ಬದಲಾಗಿಬಿಡ್ತಾನ. ಆಮ್ಯಾಲ ನೀವು ನೋಡೋದು ಅವನ್ನಲ್ಲ, ಅವನ ನಾಟಕ."

ಇಷ್ಟೆಲ್ಲ ಎಚ್ಚರಿಕೆಯಿಂದ ಸಂಜೀವ ಗಬ್ಬೂರಿನಲ್ಲಿ ಬಸ್ಸಿಳಿದ. ಇಸ್ತ್ರಿ ಅಂಗಿ, ಪಾಲಿಶ್ ಮಾಡಿದ ಬೂಟು, ಹೆಗಲಿಗೆ ಚೀಲ. ಯಾವ ಕೋನದಿಂದ ನೋಡಿದರೂ ಮದುವೆಯಾಗಬೇಕಾದ ಅಕ್ಕನಿರುವ ತಮ್ಮನ ಹಾಗೆಯೇ ಕಾಣುತ್ತಿದ್ದ.

ಮೊದಲು ಅವನು ಹೊಕ್ಕದ್ದು ಬಸ್ ನಿಲ್ದಾಣದ ಎದುರಿನ ಹಂಪಯ್ಯನ ಚಹಾದ ಹೋಟೆಲ್. ಹಂಪಯ್ಯ ವೆಂಕಣ್ಣನ ಬಾಲ್ಯದ ಗೆಳೆಯ.

"ಮಾನ್ವಿಯಿಂದ ಬಂದೀನ್ರಿ. ವೆಂಕಣ್ಣೋರು ಹೆಂಗ್ರಿ? ಸಿಟ್ಟಿನ ಸ್ವಭಾವನೇನ್ರಿ?" ಎಂದ ಸಂಜೀವ, ಮೊಬೈಲ್ ಕೈಯಲ್ಲಿ ಹಿಡಿದು.

ಹಂಪಯ್ಯ ಅವನನ್ನು ಬೂಟಿನಿಂದ ಬೈತಲೆಯವರೆಗೆ ನೋಡಿದ. 'ಯಾಕ' ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ಊರಿನ ಕಾಯ್ದೆ ನೆನೆದು ನುಂಗಿಕೊಂಡ.

"ವೆಂಕಣ್ಣಗ ಐವತ್ತು ದಾಟ್ಯಾವ. ಅದು ಗೊತ್ತದೇನು ನಿಮಗ?"

"ಗೊತ್ತದ್ರಿ. ನಡೀತದ."

"ಮನ್ಯಾಗ ಹೆಂಡ್ತಿ ಅದಾಳ."

"ಅದೂ ಗೊತ್ತದ್ರಿ. ಕಡೀಕ ಅವರನ್ನೂ ಒಂದು ಮಾತು ಕೇಳಬೇಕಂತ ಮಾಡೀನಿ."

ಹಂಪಯ್ಯನ ಕೈಯಲ್ಲಿದ್ದ ಚಹಾ ಬಟ್ಟಲು ದಾಟಿ ಬಸಿಗೆ, ಬಸಿ ದಾಟಿ ಮೇಜಿಗೆ ಬಂತು. ಹೆಣ್ಣು ಕೊಡುವ ಮುಂಚೆ ಮೊದಲನೆಯ ಹೆಂಡತಿಯನ್ನೇ ವಿಚಾರಿಸುವ ಜನ ಮಾನ್ವಿ ಕಡೆ ಇದ್ದಾರೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಆದರೂ ಗೆಳೆಯನ ವಿಷಯ. ಕೇಳಲು ಬಂದವರ ಮುಂದೆ ಮಾತು ಕೆಡಿಸಿದ ಎಂಬ ಅಪವಾದ ಬೇಡವೆಂದು ಹಂಪಯ್ಯ ಧಾರಾಳವಾಗಿ ಹೊಗಳಿದ. ವೆಂಕಣ್ಣನಿಗೆ ಸಿಟ್ಟೆಂಬುದೇ ಇಲ್ಲ, ಇರುವೆ ಕಡಿದರೆ ಇರುವೆಯನ್ನೇ ಕ್ಷಮೆ ಕೇಳುತ್ತಾನೆ. ಚಹಾ ಬಿಟ್ಟರೆ ನೀರು, ನೀರು ಬಿಟ್ಟರೆ ಚಹಾ. ಮೈಯಂತೂ ಇನ್ನೂ ಹುರಿಗಟ್ಟಿದೆ. ಮೈಯ ವಿಷಯ ಸಂಜೀವ ಕೇಳಿರಲಿಲ್ಲ, ಆದರೂ ಎಲ್ಲದಕ್ಕೂ ಐದು ಒತ್ತಿಕೊಂಡ.

ಎರಡನೆಯದು ಗೋಪಮ್ಮನ ಹಿಟ್ಟಿನ ಗಿರಣಿ. ಗೋಪಮ್ಮ ವೆಂಕಣ್ಣನ ಮಗ್ಗುಲ ಮನೆಯವಳು, ಅವನ ಹೆಂಡತಿ ಬಸ್ಸಮ್ಮನ ಜೀವದ ಗೆಳತಿ. ಸಂಜೀವನ ಮೊದಲ ಪ್ರಶ್ನೆ ಮುಗಿಯುವ ಮುಂಚೆಯೇ ಅವಳು ಗಿರಣಿ ನಿಲ್ಲಿಸಿದಳು. ಕರೆಂಟು ಹೋದಾಗ ಬಿಟ್ಟರೆ ಆ ಗಿರಣಿ ಹೀಗೆ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಜೋಳ ಹಿಡಿದು ನಿಂತ ಹೆಂಗಸರೆಲ್ಲ ಹತ್ತಿರ ಸರಿದರು.

"ವೆಂಕಣ್ಣನ ಗುಣಾನಾ?" ಗೋಪಮ್ಮ ಹಿಟ್ಟು ಮೆತ್ತಿದ ರೆಪ್ಪೆ ಬಡಿದಳು. "ಕುಡೀತಾನ. ಹೊಡೀತಾನ. ಮೈ ತೊಳಿಯೋದು ಹಬ್ಬಕ್ಕೊಮ್ಮೆ. ಹೇಳಿದ ಮಾತು ಸಂಜಿಗೆ ಮರೀತಾನ. ನಿಮ್ಮ ಮಂದಿಗೆ ಹೇಳು ತಮ್ಮಾ, ಈ ಊರ ಕಡಿ ತಲಿ ಹಾಕಿ ಮಲಗಬ್ಯಾಡ್ರಿ ಅಂತ."

ಸಂಜೀವ ಎಲ್ಲದಕ್ಕೂ ಒಂದು ಒತ್ತಿಕೊಂಡು ಬಸ್ಸು ಹಿಡಿದ. ಅವನ ಲೆಕ್ಕದ ಪ್ರಕಾರ ಗಬ್ಬೂರಿನಲ್ಲಿ ಒಂದೇ ಹೆಸರಿನ ಇಬ್ಬರು ವೆಂಕಣ್ಣರು ಒಂದೇ ಮನೆಯಲ್ಲಿ ವಾಸವಾಗಿದ್ದರು.

ಇಷ್ಟೆಲ್ಲ ಆಗುವಾಗ ನಿಜವಾದ ವೆಂಕಣ್ಣ ತನ್ನ ಅಂಗಡಿಯಲ್ಲಿ ಸುಟ್ಟ ಮೋಟರಿನ ಹೊಟ್ಟೆಯಿಂದ ತಾಮ್ರದ ತಂತಿ ಕೀಳುತ್ತ ಕುಳಿತಿದ್ದ. ಒಳ್ಳೆಯ ಮನುಷ್ಯ, ಆದರೆ ಯಾರ ಕಣ್ಣಿಗೂ ಬೀಳದ ಮನುಷ್ಯ. ಫೋಟೊದಲ್ಲಿ ಅವನ ಅರ್ಧ ಮುಖ ಯಾವಾಗಲೂ ಇನ್ನೊಬ್ಬರ ಹೆಗಲ ಹಿಂದೆ ಇರುತ್ತಿತ್ತು. ಮಕ್ಕಳಿಲ್ಲ. ಹೆಂಡತಿ ಬಸ್ಸಮ್ಮ ಮತ್ತು ಅವಳು ಬಡಿಯುವ ಬಿಸಿ ರೊಟ್ಟಿ, ಇವೆರಡೇ ಅವನ ಸಂಸಾರ. ಅದರಾಚೆ ಅವನಿಗೆ ಒಂದೇ ಒಂದು ಗುಪ್ತ ಆಸೆಯಿತ್ತು. ಊರಿನ ಸಹಕಾರಿ ಸೊಸೈಟಿಯ ಅಧ್ಯಕ್ಷನಾಗಬೇಕು. ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಅಧ್ಯಕ್ಷರ ಕುರ್ಚಿಯ ಮೇಲಿನ ಫ್ಯಾನು ರಿಪೇರಿ ಮಾಡಲು ಹೋದಾಗ ಒಮ್ಮೆ ಅದರಲ್ಲಿ ಕುಳಿತಿದ್ದನಂತೆ, ಅಷ್ಟೇ.

ಸಂಜೆ ಚಹಾಕ್ಕೆ ಹೋದಾಗ ಹಂಪಯ್ಯ ಅವನ ಮುಖವನ್ನೇ ನೋಡುತ್ತ ನಿಂತ.

"ಏನೋ ಹಂಪಯ್ಯ?"

"ಏನಿಲ್ಲ. ನಿನಗ ಛಲೋ ಕಾಲ ಬಂದದ. ನಾ ಏನೂ ಹೇಳಂಗಿಲ್ಲ, ಹೇಳಬಾರದು. ನಿನ್ನ ಬಗ್ಗೆ ಕೇಳಾಕ ಬಂದಿದ್ರು, ಅಷ್ಟ ತಿಳ್ಕೊ. ನಾ ಛಲೋನ ಹೇಳೀನಿ."

"ಯಾರು ಬಂದಿದ್ರು?"

"ಮಾನ್ವಿ ಕಡಿಯವ್ರು. ಬಾಯಿ ಬಿಡಿಸಬ್ಯಾಡ." ಹಂಪಯ್ಯ ದನಿ ತಗ್ಗಿಸಿದ. "ಆದ್ರೂ ವೆಂಕಣ್ಣ, ಮಕ್ಕಳಾಗದ ದೋಷ ನಂದ ಅಂತ ನೀನ ಊರಿಗೆಲ್ಲಾ ಹೇಳಿದ್ದಿ. ಈಗ ಔಷಧ ಏನಾರ ತಗೊಳ್ಳಾಕತ್ತಿಯೇನು?"

"ಹೂಂ. ಬಿಪಿ ಗುಳಗಿ," ಎಂದ ವೆಂಕಣ್ಣ. ಅವನ ತಲೆ ಅದಾಗಲೇ ಬೇರೆಡೆಗೆ ಓಡಿತ್ತು.

ಸೊಸೈಟಿಯ ಚುನಾವಣೆ ಹತ್ತಿರ ಬಂದಿತ್ತು. ಹೊರಗಿನವರು ಬಂದು ಗುಟ್ಟಾಗಿ ತನ್ನ ಗುಣ ಕೇಳುತ್ತಿದ್ದಾರೆಂದರೆ, ದೊಡ್ಡವರು ಯಾರೋ ತನ್ನ ಮೇಲೆ ಕಣ್ಣಿಟ್ಟಿದ್ದಾರೆ. ಮೇಷ್ಟ್ರು ಹೇಳಿದ್ದು ಸುಳ್ಳಾಗಲಿಲ್ಲ, ವೆಂಕಣ್ಣ ಬದಲಾಗಿಬಿಟ್ಟ. ಮರುದಿನವೇ ದೇವದುರ್ಗಕ್ಕೆ ಹೋಗಿ ಎರಡು ಬಿಳಿ ಅಂಗಿ ತಂದ. ತಲೆಗೆ ಹಚ್ಚಲು ಹೆಚ್ಚಿನದೇನೂ ಉಳಿದಿರಲಿಲ್ಲವಾದ್ದರಿಂದ ಮೀಸೆಗಷ್ಟೇ ಕಪ್ಪು ಬಣ್ಣ ಹಚ್ಚಿಸಿಕೊಂಡ. ಊರಿಗೆ ಮರಳಿ, ಎದುರು ಬಂದವರಿಗೆಲ್ಲ ಕೈಮುಗಿಯತೊಡಗಿದ. ಕೂಸುಗಳ ಕೆನ್ನೆ ಸವರಿದ. ಕೈಮುಗಿಸಿಕೊಂಡವರು ಹತ್ತು ಹೆಜ್ಜೆ ಹೋಗಿ, ನಿಂತು, ತಿರುಗಿ ನೋಡಿದರು. ಗಿರಣಿಯ ಮುಂದೆ ಹಾಯುವಾಗ ಹೆಂಗಸರು ಒಮ್ಮೆಲೇ ಸುಮ್ಮನಾದರು. ಜನ ತನ್ನನ್ನು ಗೌರವಿಸಲು ಶುರುಮಾಡಿದ್ದಾರೆ ಎಂದುಕೊಂಡು ವೆಂಕಣ್ಣ ಅವರಿಗೂ ಕೈಮುಗಿದ.

ಮನೆಯಲ್ಲಿ ತಟ್ಟೆಗೆ ಬಿಸಿ ರೊಟ್ಟಿಯ ಬದಲು ಎಂದೋ ಒಣಗಿಸಿಟ್ಟ ಕಟಕ ರೊಟ್ಟಿ ಬಿತ್ತು. ಗೋಪಮ್ಮ ಬಂದು ಹೇಳುವುದನ್ನೆಲ್ಲ ಹೇಳಿ ಹೋಗಿದ್ದಳು. ಬಸ್ಸಮ್ಮ ನಂಬಿರಲಿಲ್ಲ. ಮೀಸೆ ನೋಡಿದ ಮೇಲೆ ನಂಬಿಕೆ ಬರತೊಡಗಿತ್ತು.

"ಮೀಸಿಗೇನು ಆಗ್ಯದ?" ಎಂದಳು.

"ಏನಾಗ್ಯದ? ಮೊದಲಿಂದ ಹಿಂಗ ಇತ್ತು."

"ಬಿಳಿ ಅಂಗಿ?"

"ಇನ್ಮ್ಯಾಲ ನಾಕು ಮಂದಿ ಮನಿಗೆ ಬರೋರು ಅದಾರ."

"ಯಾರು ಬರೋರು?"

ವೆಂಕಣ್ಣ ಕಟಕ ರೊಟ್ಟಿಯನ್ನು ನಿಧಾನವಾಗಿ ಮುರಿದ. ಆಗದ ಕೆಲಸವನ್ನು ಮೊದಲೇ ಬಾಯಿಬಿಟ್ಟು ಹೇಳಿದರೆ ಹೆಂಡತಿ ನಗುತ್ತಾಳೆಂಬ ಹೆದರಿಕೆ ಅವನಿಗಿತ್ತು.

"ಈಗ ಕೇಳಬ್ಯಾಡ. ಎಲ್ಲಾ ಕೂಡಿ ಬರಲಿ. ಊರ ಮುಂದ ಹಾರ ಹಾಕ್ತಾರಲ್ಲ, ಅವತ್ತು ನಿನ್ನನ್ನ ಮುಂದ ಕುಂದ್ರಸ್ತೀನಿ."

"ನನ್ನ? ಮುಂದ?"

"ಮತ್ತ ನಿನ್ನ ಬಿಟ್ಟು ಆಗ್ತದೇನು? ಮನಿ ಕೆಲಸದ ಚಿಂತಿನೂ ಬಿಡು. ನಿನಗೂ ವಯಸ್ಸಾತು. ಇನ್ಮ್ಯಾಲ ಕೈಕೆಳಗ ಒಬ್ಬರು ಇರ್ತಾರ."

ಬಸ್ಸಮ್ಮ ಒಂದು ಮಾತೂ ಆಡದೆ ಎದ್ದು ಹೋದಳು. ಸಂತೋಷಕ್ಕೆ ಅವಳ ಬಾಯಿ ಕಟ್ಟಿರಬೇಕು ಎಂದುಕೊಂಡು ವೆಂಕಣ್ಣ ಇನ್ನೊಂದು ಕಟಕ ರೊಟ್ಟಿ ತಾನೇ ಹಾಕಿಕೊಂಡ.

ಬೆಳಗ್ಗೆ ಎದ್ದಾಗ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳವಿರಲಿಲ್ಲ. ಬಸ್ಸಮ್ಮನ ಸೀರೆಗಳಿದ್ದವು, ಚಪ್ಪಲಿ ಇರಲಿಲ್ಲ. ಒಲೆಯ ಮೇಲೆ ನೋಡಿದ. ರೊಟ್ಟಿ ಬೇಯಿಸುವ ಹಂಚು ಇರಲಿಲ್ಲ. ಸೀರೆ ಗಂಟುಕಟ್ಟಿಕೊಂಡು ತವರಿಗೆ ಹೋದ ಹೆಂಗಸು ನಾಲ್ಕು ದಿನದಲ್ಲಿ ಬರುತ್ತಾಳೆ. ಹಂಚು ಹೊತ್ತುಕೊಂಡು ಹೋದವಳು ಬರುವ ವಿಚಾರದಲ್ಲಿ ಹೋಗಿರುವುದಿಲ್ಲ.

"ಹಂಚು ಎತ್ಕೊಂಡು ಮೊದಲ ಬಸ್ಸಿಗೆ ಹೋದಳು," ಎಂದಳು ಗಿರಣಿಯ ಬಾಗಿಲಲ್ಲಿ ನಿಂತ ಗೋಪಮ್ಮ. "ಕೈಯಾರೆ ಮಾಡ್ಕೊಂಡಿ, ಈಗ ಮೀಸಿ ತಿರುವು."

ವೆಂಕಣ್ಣನಿಗೆ ಕೂಡಲೇ ಸಂಶಯ ಬಂತು. ಗೋಪಮ್ಮನ ಗಂಡನ ಕಡೆಯಿಂದ ಈಗಿನ ಅಧ್ಯಕ್ಷನಿಗೆ ದೂರದ ನೆಂಟಸ್ತಿಕೆಯಿತ್ತು. ತನ್ನ ದಾರಿಗೆ ಅಡ್ಡ ಹಾಕಲು ಎದುರಿನವರು ಹೆಂಡತಿಯ ಕಿವಿಯನ್ನೇ ಚುಚ್ಚಿದ್ದಾರೆ. ರಾಜಕೀಯ ಇಷ್ಟು ಕೆಳಗೆ ಇಳಿಯುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಫೋನು ಮಾಡಿದರೆ ಬಸ್ಸಮ್ಮ ಎತ್ತಲಿಲ್ಲ. ತಾನೇ ಎರಡು ದಿನ ರೊಟ್ಟಿ ಬಡಿಯಲು ನೋಡಿದ, ಹಂಚಿಲ್ಲದ ಕಾರಣ ಅದೂ ಸಾಗಲಿಲ್ಲ.

ಮೂರನೆಯ ದಿನ ಹಂಪಯ್ಯ ಅಂಗಡಿಗೆ ಓಡೋಡಿ ಬಂದ.

"ಆ ಮಾನ್ವಿ ಹುಡುಗ ಮತ್ತ ಬಂದಿದ್ದ. ನಿನ್ನ ಹೆಂಡ್ತಿನ್ನ ಕೇಳಬೇಕಂತ. ತವರಿಗೆ ಹೋಗ್ಯಾಳ ಅಂದೆ. ಅವ ಹಿರೇಕೊಟ್ನೆಕಲ್‌ಗೇ ಹೋದ. ಭಾಳ ಧೈರ್ಯದ ಮಂದಿ ಬಿಡು."

ಅಧ್ಯಕ್ಷನಾಗುವವನ ಹೆಂಡತಿಯನ್ನೂ ವಿಚಾರಿಸುತ್ತಾರೆ ಎಂದಾಯಿತು. ಅದೂ ಹಂಚು ಹೊತ್ತು ಹೋದ ಹೆಂಡತಿಯನ್ನು. ವೆಂಕಣ್ಣ ಬಿಳಿ ಅಂಗಿ ತೊಟ್ಟವನೇ ರಾಯಚೂರಿನ ಬಸ್ಸು ಹತ್ತಿದ, ರಾಯಚೂರಿನಲ್ಲಿ ಮಾನ್ವಿಯ ಬಸ್ಸಿಗೆ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ. ಸೆಖೆಗೆ ಮೀಸೆಯ ಬಣ್ಣ ತುಟಿಯತ್ತ ಇಳಿಯುತ್ತಿತ್ತು. ದಾರಿಯುದ್ದಕ್ಕೂ ಅವನು ಪ್ರಾರ್ಥಿಸಿದ್ದು ಕುರ್ಚಿಗಾಗಿಯೋ ಹಂಚಿಗಾಗಿಯೋ ಎಂಬುದು ಅವನಿಗೇ ತಿಳಿಯಲಿಲ್ಲ.

ಹಿರೇಕೊಟ್ನೆಕಲ್‌ನಲ್ಲಿ ಬಸ್ಸಮ್ಮನ ತಮ್ಮ ಜಗದೀಶನ ಮನೆ. ಸೌಭಾಗ್ಯಳ ತಂದೆ ಅವನೇ. ವೆಂಕಣ್ಣ ಹೊಸಿಲ ಹತ್ತಿರ ಬಂದಾಗ ಒಳಗಿಂದ ಹೆಂಡತಿಯ ದನಿ ಕೇಳಿ ನಿಂತ.

"ಬರಕೊ ತಮ್ಮಾ. ಗೊರಕಿ ಹೊಡೀತಾರ, ಮಗ್ಗಲ ಮನಿ ದನ ಏಳ್ತಾವ. ಒಂದು ಕೆಲಸ ಹೇಳಿದ್ರ ಮೂರು ಕೆಡಿಸ್ತಾರ. ಸಂತಿಗೆ ಬದನಿಕಾಯಿ ತರಾಕ ಕಳಿಸಿದ್ರ ಚೀಲನೂ ಬಿಟ್ಟು ಬರ್ತಾರ. ಹೋಗಿ ಹೇಳು ನಿಮ್ಮವ್ರಿಗೆ. ಯಾವಾಕಿ ಬರ್ತಾಳೋ ಬರಲಿ, ನೋಡ್ತೀನಿ."

ಸಂಜೀವ ಚಾಪೆಯ ಮೇಲೆ ಕುಳಿತು ಮೊಬೈಲಿನಲ್ಲಿ ಒಂದು, ಒಂದು, ಒಂದು ಎಂದು ಒತ್ತುತ್ತಿದ್ದ. ಜಗದೀಶ ಹಿತ್ತಿಲ ಬಾಗಿಲಿಗೆ ಒರಗಿ, ಹುಡುಗ ಓಡದ ಹಾಗೆ ನೋಡಿಕೊಂಡಿದ್ದ. ವೆಂಕಣ್ಣ ಒಳಗೆ ನುಗ್ಗಿದ.

"ಸಾಹೇಬ್ರ, ಆಕಿ ಮಾತು ನಂಬಬ್ಯಾಡ್ರಿ. ಎದುರಿನವ್ರು ಆಕಿನ್ನ ತಿರುಗಿಸ್ಯಾರ. ನಾ ತಯಾರದೀನಿ. ನಾಳಿ ಅಂದ್ರ ನಾಳಿ."

"ನಾಳಿ?" ಜಗದೀಶ ಬಾಗಿಲು ಬಿಟ್ಟು ಮುಂದೆ ಬಂದ. "ಭಾವ, ನಾಚಿಕಿ ಆಗಬೇಕು ನಿಮಗ. ಮಕ್ಕಳಾಗದ ದೋಷ ನಂದ ಅಂತ ನೀವ ಹೇಳಿದ್ರಿ. ತಮ್ಮಲ್ಲೇ ದೋಷ ಇಟ್ಕೊಂಡು ನಮ್ಮಕ್ಕನ ಮ್ಯಾಲ ಇನ್ನೊಬ್ಬಾಕಿನ್ನ ತರಾಕ ಹೊಂಟೀರಿ?"

"ಇನ್ನೊಬ್ಬಾಕಿ ಯಾರು?" ಎಂದ ವೆಂಕಣ್ಣ.

"ಇವನ ಅಕ್ಕ," ಎಂದು ಜಗದೀಶ ಸಂಜೀವನತ್ತ ಕೈ ತೋರಿಸಿದ.

"ನನಗ ಅಕ್ಕನ ಇಲ್ರಿ," ಎಂದ ಸಂಜೀವ.

ಮನೆಯಲ್ಲಿ ಎಲ್ಲರೂ ಎಲ್ಲರ ಮುಖ ನೋಡಿದರು. ಸಂಜೀವನಿಗೆ ಈಗ ಮೇಷ್ಟ್ರ ಎಚ್ಚರಿಕೆಗಿಂತ ಜಗದೀಶನ ಮುಷ್ಟಿ ಹತ್ತಿರ ಕಂಡಿತು. ಯರಗೇರಾ, ಪ್ರಾಕ್ಟಿಕಲ್, ಮೂವರು ಬಲ್ಲವರು, ಒಂದರಿಂದ ಐದು ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಸೌಭಾಗ್ಯಳ ಹೆಸರನ್ನೂ ಹೇಳಿಬಿಟ್ಟ. ಬಸ್ಸಮ್ಮನಿಗೆ ಇದೂ ಒಂದು ಹೊಸ ಮೋಸವಿರಬೇಕೆಂಬ ಅನುಮಾನ. ತಮ್ಮನ ಮಗಳಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದಳು.

"ಹೌದು ಅತ್ತಿ, ಅದು ನಮ್ಮ ಪ್ರಾಕ್ಟಿಕಲ್. ಮಾವನ ಹೆಸರು ನಾನ ಕೊಟ್ಟೀನಿ."

"ಊರಾಗ ಇಷ್ಟು ಮಂದಿ ಇರಬೇಕಾದ್ರ ಇವರನ್ನ ಯಾಕ ಕೊಟ್ಟಿ?"

"ಸರ್ ಹೇಳಿದ್ರು, ವಿಶೇಷ ಏನೂ ಇಲ್ಲದ ಸಾದಾ ಮನುಷ್ಯ ಬೇಕು ಅಂತ. ನನಗ ಥಟ್ಟನ ಮಾವನ ನೆನಪಾತು."

ವೆಂಕಣ್ಣ ಮೆಲ್ಲಗೆ ಕಟ್ಟೆಯ ಮೇಲೆ ಕುಳಿತ. ಕುರ್ಚಿ, ಫ್ಯಾನು, ಹಾರ ತುರಾಯಿ ಎಲ್ಲವೂ ಒಂದು ಕ್ಷಣದಲ್ಲಿ ಹೋಗಿದ್ದವು. ಆದರೆ ಬಸ್ಸಮ್ಮನ ವಿಚಾರಣೆ ಇನ್ನೂ ಮುಗಿದಿರಲಿಲ್ಲ.

"ಹೆಣ್ಣಿಲ್ಲ ಅಂದ್ರ ಮೀಸಿಗೆ ಬಣ್ಣ ಯಾಕ?"

ವೆಂಕಣ್ಣ ನೆಲ ನೋಡುತ್ತ ಹೇಳಿದ. ಸೊಸೈಟಿ ಅಧ್ಯಕ್ಷ.

"ಹಾರ?"

"ಅಧ್ಯಕ್ಷನ ಹಾರ."

"ನನ್ನ ಕೈಕೆಳಗ ಇರೋರು?"

"ಸೊಸೈಟಿ ಜವಾನ. ಅಧ್ಯಕ್ಷರ ಮನಿಗೆ ತರಕಾರಿ ತಂದು ಕೊಡ್ತಾನ."

ಜಗದೀಶ ಗೋಡೆಯ ಕಡೆ ತಿರುಗಿ ಹೆಗಲು ಕುಣಿಸಿ ನಕ್ಕ. ಬಸ್ಸಮ್ಮ ನಗಲಿಲ್ಲ. ಮೂರು ದಿನ ಅವಳು ತಮ್ಮನ ಮನೆಯಲ್ಲಿ ಒಬ್ಬಳೇ ಅತ್ತಿದ್ದಳು, ಆ ದುಃಖ ಅಷ್ಟು ಬೇಗ ಇಳಿಯುವಂಥದ್ದಲ್ಲ. ಸಂಜೀವನೂ ನಗಲಿಲ್ಲ.

"ನನ್ನ ಪ್ರಾಕ್ಟಿಕಲ್ ಹೋತು," ಎಂದ ಅವನು ಚೀಲ ಎತ್ತಿಕೊಳ್ಳುತ್ತ. "ಒಬ್ಬರು ಎಲ್ಲಾದಕ್ಕೂ ಐದು ಕೊಟ್ರು, ಒಬ್ಬರು ಎಲ್ಲಾದಕ್ಕೂ ಒಂದು. ನೀವು ಸಿಟ್ಟಿನಾಗ ಹೇಳಿದ್ದು ಬರಿಯಾಕ ಬರಂಗಿಲ್ಲ."

"ಕುಂದ್ರು ತಮ್ಮಾ," ಎಂದಳು ಬಸ್ಸಮ್ಮ. "ಈಗ ಕೇಳು. ಸಮಾಧಾನದಿಂದ ಹೇಳ್ತೀನಿ. ಗೊರಕಿದು, ಬದನಿಕಾಯಿದು ಹಂಗ ಇರಲಿ, ಅವು ಖರೇನ. ಮುಂದಿಂದು ಕೇಳು."

ಸಂಜೀವ ಮೊಬೈಲ್ ತೆಗೆದು ಓದಿದ. "ಈ ವ್ಯಕ್ತಿ ಸುಳ್ಳು ಹೇಳುತ್ತಾರೆಯೇ?"

"ಹೇಳ್ತಾರ," ಎಂದಳು ಬಸ್ಸಮ್ಮ. "ಇಪ್ಪತ್ತು ವರ್ಷದಿಂದ ಹೇಳಾಕತ್ತಾರ."

ವೆಂಕಣ್ಣ ಗಾಬರಿಯಿಂದ ತಲೆ ಎತ್ತಿದ. ಬಸ್ಸಮ್ಮ ತಮ್ಮನನ್ನೇ ನೋಡುತ್ತ ಮಾತು ಮುಂದುವರಿಸಿದಳು.

"ರಾಯಚೂರು ದವಾಖಾನ್ಯಾಗ ಇಬ್ಬರನ್ನೂ ನೋಡಿದ್ರು. ದೋಷ ನಂದು ಅಂತ ಡಾಕ್ಟರ್ ಅಂದ್ರು. ಬಸ್ಸಿನಾಗ ನಾ ಅಳಕೋತ ಬಂದೆ, ಇವರು ಏನೂ ಮಾತಾಡಲಿಲ್ಲ. ಬಸ್ಸಿಳಿದು ಹಂಪಯ್ಯನ ಹೋಟೆಲ್ನಾಗ ಹೋಗಿ, ದೋಷ ನಂದ ಅಂತ, ನಮ್ಮಾಕಿದು ಏನೂ ಇಲ್ಲಂತ ಅಂದ್ರು. ಅವತ್ತಿಂದ ಒಬ್ಬರೂ ನನ್ನ ಮುಖ ನೋಡಿ ಬಂಜಿ ಅನ್ನಲಿಲ್ಲ. ಇವರನ್ನ ಅಂದ್ರು, ನಕ್ರು. ಅಂಥಾವ್ರ ಮ್ಯಾಲ ನಾ ಸಂಶಯ ಪಟ್ಟು ಹಂಚು ಹೊತ್ಕೊಂಡು ಬಂದೀನಿ."

ಜಗದೀಶ ಗೋಡೆಯಿಂದ ಈಚೆ ತಿರುಗಿದ್ದ. ಅವನ ಮುಖದಲ್ಲಿ ನಗುವಿರಲಿಲ್ಲ.

"ಏ, ಆಕಿ ಹೇಳೋದು ಸುಳ್ಳು," ಎಂದು ವೆಂಕಣ್ಣ ಎದ್ದು ನಿಂತ. "ದೋಷ ನಂದ. ಡಾಕ್ಟರ್ ನನಗ ಹೇಳ್ಯಾರ, ಆಕಿ ಹೊರಗ ಕುಂತಿದ್ದಳು. ತಮ್ಮಾ, ಅದನ್ನ ಬರೀಬ್ಯಾಡ."

ಸಂಜೀವನ ಹೆಬ್ಬೆರಳು ಮೊಬೈಲಿನ ಮೇಲೆ ನಿಂತೇ ಇತ್ತು. ಸುಳ್ಳು ಹೇಳುವವನಿಗೆ ಹೆಚ್ಚಿನ ಅಂಕವೋ ಕಡಿಮೆಯೋ ಎಂಬುದನ್ನು ಎರಡು ವರ್ಷದ ಎಂ.ಎ. ಅವನಿಗೆ ಕಲಿಸಿತ್ತು. ಈ ಸುಳ್ಳಿಗೆ ಎಷ್ಟೆಂದು ಕಲಿಸಿರಲಿಲ್ಲ.

"ಎಷ್ಟು ಹಾಕಲ್ರಿ, ಅಮ್ಮಾ?"

"ಸುಳ್ಳಿಗೆ ಎಲ್ಲಾಕಿಂತ ದೊಡ್ಡದು ಯಾವುದದ, ಅದನ್ನ ಹಾಕು," ಎಂದಳು ಬಸ್ಸಮ್ಮ.

ವೆಂಕಣ್ಣ ಕಣ್ಣೊರೆಸಿಕೊಳ್ಳುವ ನೆಪದಲ್ಲಿ ಮುಖವನ್ನೆಲ್ಲ ಒರೆಸಿಕೊಂಡ. ಮೀಸೆಯ ಬಣ್ಣ ಕೆನ್ನೆಗೆ, ಕೆನ್ನೆಯಿಂದ ಬಿಳಿ ಅಂಗಿಗೆ ಹತ್ತಿತು. ಬಸ್ಸಮ್ಮ ಸೆರಗಿನ ತುದಿಯಿಂದ ಅದನ್ನು ಒರೆಸಲು ಹೋಗಿ ಇನ್ನಷ್ಟು ಹರಡಿದಳು.

ಸಂಜೆಯ ಬಸ್ಸಿನಲ್ಲಿ ಇಬ್ಬರೂ ಗಬ್ಬೂರಿಗೆ ಹೊರಟರು. ವೆಂಕಣ್ಣ ಹಂಚನ್ನು ಎರಡೂ ಕೈಗಳಿಂದ ತೊಡೆಯ ಮೇಲೆ ಹಿಡಿದು ಕುಳಿತಿದ್ದ. ಪಕ್ಕದ ಸೀಟಿನವನು ಒಮ್ಮೆ ಮೀಸೆಯನ್ನು, ಒಮ್ಮೆ ಹಂಚನ್ನು, ಒಮ್ಮೆ ಅಂಗಿಯನ್ನು ನೋಡಿ, ಈ ಮನುಷ್ಯ ಏನಿರಬಹುದು ಎಂದು ಬಹಳ ಹೊತ್ತು ಅನುಮಾನಿಸಿದ. ಕೊನೆಗೆ ತಡೆಯಲಾರದೆ ಬಸ್ಸಮ್ಮನ ಕಡೆ ಬಗ್ಗಿ, ಇವರು ಯಾರ್ರಿ ಎಂದು ಕೇಳಿದ.

"ನಮ್ಮನಿಯವ್ರು," ಎಂದಳು ಬಸ್ಸಮ್ಮ. "ಸಾದಾ ಮನುಷ್ಯಾರು."